ನೂರ ಎಂಬತ್ತಾರು ಪೌಂಡು

ಸರೋವರದ ದಡದ ನಮ್ಮ ಪೈಕ್ ಪಾಯಿಂಟ್ ಊರಿನ ಜನರ ಬಗ್ಗೆ ಪಾದ್ರಿಗೂ ಗೊತ್ತಿಲ್ಲದ್ದು ನನಗೆ ಗೊತ್ತಿರುತ್ತಿತ್ತು. ಸಿಗ್ಮರ್ ಏರ್ ಸರ್ವಿಸ್‌ನ ಏಜೆಂಟಾಗಿ ಮೂವತ್ತೊಂದು ವರ್ಷ ಕೂತವಳು ನಾನು. ದೋಣಿಕಟ್ಟೆಯ ಪಕ್ಕದ ಮರದ ಶೆಡ್ಡಿನಲ್ಲಿ ಒಂದು ಒಲೆ, ಒಂದು ರೇಡಿಯೋ, ಒಂದು ತೂಕದ ಯಂತ್ರ. ನೀರಿನ ಮೇಲೆ ಇಳಿಯುವ ಆ ಸಣ್ಣ ವಿಮಾನ ಹತ್ತುವವರು ಯಾರೇ ಇರಲಿ, ಊರಿನ ಮುಖಂಡನಾದರೂ ಸರಿಯೇ, ಕೋಟು, ಬೂಟು, ಚೀಲದ ಸಮೇತ ಮೊದಲು ಕಬ್ಬಿಣದ ಹಲಗೆಯ ಮೇಲೆ ನಿಲ್ಲಬೇಕು. ಭಾರ ಹೆಚ್ಚಾದರೆ ವಿಮಾನ ನೀರು ಬಿಟ್ಟು ಏಳುವುದಿಲ್ಲ. ನಾನು ಮುಳ್ಳು ನೋಡಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದೆ. ಯಾರ ತೂಕವನ್ನೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಅದು ನನ್ನ ನೇಮ.

ಹೇಳದಿದ್ದರೂ ಕಣ್ಣು ಸುಮ್ಮನಿರುತ್ತದೆಯೇ? ಯಾರು ಬಸುರಿ, ಯಾರು ಕುಡಿತ ಬಿಟ್ಟರು, ಯಾರನ್ನು ಕಾಯಿಲೆ ಒಳಗೊಳಗೇ ತಿನ್ನುತ್ತಿದೆ, ಎಲ್ಲವೂ ಆ ಮುಳ್ಳಿಗೆ ಮೊದಲು ಗೊತ್ತಾಗುತ್ತಿತ್ತು. ಬಡಗಿ ಹೊಸಿಯಾ ಮೂರು ತಿಂಗಳಲ್ಲಿ ಹದಿನಾಲ್ಕು ಪೌಂಡು ಇಳಿದಾಗ ನಾನೇ ಅವನನ್ನು ಕ್ಲಿನಿಕ್ಕಿಗೆ ಅಟ್ಟಿದ್ದೆ. ಸಕ್ಕರೆ ಕಾಯಿಲೆ ಎಂದು ಗೊತ್ತಾಯಿತು. "ಡೆಲ್ಫೀನ್ ಇರೋವಾಗ ನನಗೇನು ಕೆಲಸ?" ಎಂದು ನರ್ಸು ನಗುತ್ತಿದ್ದಳು. ನಾನು ಉಬ್ಬಿ ಹೋಗಿದ್ದೆ. ದೀಪದ ಬುಡದಲ್ಲೇ ಕತ್ತಲು ಎಂಬುದು ನನಗೆ ಆಗ ಎಲ್ಲಿ ಗೊತ್ತಿತ್ತು?

ನನ್ನ ಅಣ್ಣ ಲೇವಿ ಅದೇ ಕಂಪನಿಯಲ್ಲಿ ಸರಕು ಹೇರುವವನು. ಬೆಳಿಗ್ಗೆ ವಿಮಾನ ಬಂದರೆ ಪೈಲಟ್ ಪಕ್ಕದ ಸೀಟಿನಲ್ಲಿ ಕೂತು ಉತ್ತರದ ಎರಡು ಸರೋವರಗಳಿಗೆ ಹೋಗಿ, ಹಿಟ್ಟು, ಸೀಮೆಎಣ್ಣೆ, ಟಪಾಲು ಇಳಿಸಿ, ಮಧ್ಯಾಹ್ನ ವಾಪಸ್ ಬರುತ್ತಿದ್ದ. ಹೆಂಡತಿ ಮಕ್ಕಳಿರಲಿಲ್ಲ. ಶೆಡ್ಡಿನ ಗೋಡೆಗೆ ಟೋಪಿಗಳನ್ನು ಮೊಳೆ ಹೊಡೆದು ನೇತುಹಾಕುವುದೊಂದೇ ಅವನ ಚಟ. ಈ ಸರೋವರದ ಮೇಲೆ ಹಾರಿ, ಹೇಳಹೆಸರಿಲ್ಲದಂತೆ ಹೋದ ಕಂಪನಿಗಳ ಟೋಪಿಗಳು ಅವು. ಐದಿದ್ದವು. ಒಂದನ್ನು ದೊಡ್ಡ ಕಂಪನಿಯೊಂದು ನುಂಗಿತು, ಒಂದರ ಯಜಮಾನ ಸತ್ತ, ಮಿಕ್ಕವು ಯಾಕೆ ಹೋದವೋ ದೇವರೇ ಬಲ್ಲ. ನಮ್ಮ ಮ್ಯಾನಿಟೋಬ ಪ್ರಾಂತ್ಯದಲ್ಲಿ ವಿಮಾನ ಕಂಪನಿ ಹುಟ್ಟಿಸುವುದು ಸುಲಭ, ಸಾಕುವುದು ಕಷ್ಟ.

ಆ ವರ್ಷ, ತೊಂಬತ್ತಾರರಲ್ಲಿ, ಸಿಗ್ಮರ್‌ನ ಸರದಿ ಬಂತು. ಸರೋವರದ ಆಚೆ ದಡದಲ್ಲಿ ಸರ್ಕಾರದವರು ಜಲ್ಲಿಯ ರನ್‌ವೇ ಹಾಕಿದರು. ಜನವರಿಯಿಂದ ಬೇರೆ ಕಂಪನಿಯ ದೊಡ್ಡ ವಿಮಾನ ಬರುತ್ತದಂತೆ. ಅವರು ಯಾರನ್ನೂ ತೂಗುವುದಿಲ್ಲವಂತೆ; ಗಂಡಸು ಅಂದರೆ ಇಷ್ಟು, ಹೆಂಗಸು ಅಂದರೆ ಇಷ್ಟು ಎಂದು ಕಾಗದದಲ್ಲೇ ಹಿಡಿಯುತ್ತಾರಂತೆ. ಕೇಳಿ ನನಗೆ ಮೈ ಉರಿಯಿತು. ಅಕ್ಟೋಬರಿನಲ್ಲಿ ನೀರು ಹೆಪ್ಪುಗಟ್ಟುವ ಮೊದಲು ನಮ್ಮ ಕೊನೆಯ ವಿಮಾನ ಎಂದು ಗೊತ್ತಾಯಿತು.

ಆ ಬೇಸಿಗೆ ಪೂರ್ತಿ ಲೇವಿ ದಪ್ಪ ಕ್ಯಾನ್ವಾಸ್ ಕೋಟು ಬಿಚ್ಚಲಿಲ್ಲ.

"ಜುಲೈನಲ್ಲಿ ಕೋಟು ಹಾಕ್ಕೊಂಡಿದೀಯಲ್ಲ, ತಲೆ ಕೆಟ್ಟಿದೆಯಾ ನಿಂಗೆ?" ಎಂದು ಬೈದೆ.

"ಸೊಳ್ಳೆ ಕಣೇ."

"ಸೊಳ್ಳೆ ನಿನ್ನ ರಕ್ತ ಕುಡಿದ್ರೆ ಅದಕ್ಕೇ ಹೊಟ್ಟೆನೋವು ಬರುತ್ತೆ, ಹೋಗು."

ಅವನು ನಗುತ್ತಾ ಹಲಗೆ ಹತ್ತಿದ. ನೂರ ಎಂಬತ್ತಾರು. ಮರುದಿನ ನೂರ ಎಂಬತ್ತಾರು. ಆಗಸ್ಟಿನಲ್ಲೂ ಅದೇ, ಸೆಪ್ಟೆಂಬರಿನಲ್ಲೂ ಅದೇ. ಮುಖ ಸ್ವಲ್ಪ ಇಳಿದಿದೆ ಎನ್ನಿಸುತ್ತಿತ್ತು. ಅರವತ್ತಾಯಿತಲ್ಲ ಎಂದುಕೊಂಡೆ. ಮುಳ್ಳು ಸರಿಯಾಗಿದೆ, ಇನ್ನೇನು? ಮನುಷ್ಯ ಅಂದಮೇಲೆ ತೂಕ ಎರಡು ಪೌಂಡು ಆಚೀಚೆ ಆಗುತ್ತದೆ, ಯಾರದೂ ಬೇಸಿಗೆಯಿಡೀ ಒಂದೇ ಕಡೆ ನಿಲ್ಲುವುದಿಲ್ಲ. ಮೂವತ್ತೊಂದು ವರ್ಷದ ಪುಸ್ತಕಗಳು ಪುಟಪುಟದಲ್ಲೂ ಅದನ್ನೇ ಹೇಳುತ್ತಿದ್ದವು. ನಾನು ಕಣ್ಣಿದ್ದೂ ಕುರುಡಿ.

ಕೊನೆಯ ದಿನ ದಡದ ಕಲ್ಲುಗಳ ಮೇಲೆ ತೆಳ್ಳಗೆ ಮಂಜುಗಡ್ಡೆ ಕೂತಿತ್ತು. ಕಂಪನಿ ಕಟ್ಟಿದ ಸಿಗ್ಮರ್‌ನ ಮೊಮ್ಮಗ ರಾಗ್ನರ್ ಪೈಲಟ್. ಉತ್ತರದ ಸುತ್ತು ಮುಗಿಸಿ ಲೇವಿಯನ್ನು ಇಳಿಸಿದ. ನಾನು ಕೊಟ್ಟ ಬ್ಯಾನಕ್ ರೊಟ್ಟಿ, ಹೊಗೆಯಾಡಿಸಿದ ಮೀನು ತೆಗೆದುಕೊಂಡ. ನನ್ನನ್ನು ತಬ್ಬಿ, "ಅಳಬೇಡ, ನಿನ್ನ ತೂಕ ಕಮ್ಮಿ ಆಗುತ್ತೆ" ಎಂದು ಚೇಷ್ಟೆ ಮಾಡಿ ತಾನೇ ಕಣ್ಣೊರೆಸಿಕೊಂಡ. ವಿಮಾನ ನೀರು ಬಿಟ್ಟು ಎದ್ದಿತು. ಊರಿನ ಮೇಲೆ ಒಂದು ಸುತ್ತು ಬಂದು ದಕ್ಷಿಣಕ್ಕೆ ತಿರುಗಿತು.

ಶೆಡ್ಡಿನೊಳಗೆ ಬಂದ ಲೇವಿ ಮೊದಲ ಬಾರಿ ಕೋಟು ಬಿಚ್ಚಿದ.

"ಇದನ್ನ ಮೊಳೆಗೆ ಹಾಕು, ಡೆಲ್ಫಿ."

ಹಿಡಿದದ್ದೇ ತಡ, ನನ್ನ ಕೈ ಕೆಳಕ್ಕೆ ಜಗ್ಗಿತು. ಕೋಟು ನೆಲಕ್ಕೆ ಬಿದ್ದು ಠಣ್ಣೆಂದಿತು. ಜೇಬಿನಲ್ಲಿ, ಒಳಗಿನ ಅಸ್ತರಿನಲ್ಲಿ, ಅಂಚಿನ ಮಡಿಕೆಯಲ್ಲಿ, ಎಲ್ಲೆಲ್ಲೂ ಮೀನಿನ ಬಲೆಗೆ ಕಟ್ಟುವ ಸೀಸದ ಗುಂಡುಗಳು. ನಾನು ತಲೆಯೆತ್ತುವ ಹೊತ್ತಿಗೆ ಅವನು ಹಲಗೆಯ ಮೇಲೆ ನಿಂತಿದ್ದ. ಬರೀ ಅಂಗಿಯಲ್ಲಿ ಭುಜದ ಮೂಳೆಗಳು ಕಾಣುತ್ತಿದ್ದವು. ನೂರ ಐವತ್ತೆಂಟು.

"ಈಗ ಬರ್ಕೋ. ಇದು ನಿಜವಾದ್ದು."

"ಯಾವಾಗಿಂದ?"

"ಮೇ ತಿಂಗಳಿಂದ. ನೀನು ಕಂಡುಹಿಡೀತೀಯ ಅಂತ ಗೊತ್ತಿತ್ತಲ್ಲ. ಇಳಿದಷ್ಟಕ್ಕೂ ಸೀಸ ಹಾಕ್ಕೊಂಡೆ. ಆದ್ರೆ ವಿಮಾನಕ್ಕೆ ಸುಳ್ಳು ಹೇಳಿಲ್ಲ ಕಣೇ. ಸೀಸ ನನ್ನ ಜೊತೇನೇ ಹಾರಿದೆ. ನೀನು ಬರೆದದ್ದೆಲ್ಲ ಸರಿಯಾಗೇ ಇದೆ."

ನನಗೆ ಬಂದ ಸಿಟ್ಟಿನಲ್ಲಿ ಅವನ ಕೆನ್ನೆಗೆ ಹೊಡೆಯಬೇಕೆನ್ನಿಸಿತು. ಹೊಡೆಯಲು ಅಲ್ಲಿ ಕೆನ್ನೆಯೇ ಇರಲಿಲ್ಲ. ಓಡಿಹೋಗಿ ರೇಡಿಯೋ ಹಿಡಿದೆ. ರಾಗ್ನರ್ ಇನ್ನೂ ದೂರ ಹೋಗಿರಲಿಲ್ಲ. ಕರೆದರೆ ಹತ್ತು ನಿಮಿಷದಲ್ಲಿ ತಿರುಗಿ ಬಂದು ಲೇವಿಯನ್ನು ವಿನ್ನಿಪೆಗ್‌ನ ಆಸ್ಪತ್ರೆಗೆ ಒಯ್ಯುತ್ತಿದ್ದ. ಇನ್ನೊಂದು ವಾರದಲ್ಲಿ ನೀರು ಹೆಪ್ಪುಗಟ್ಟಲು ಶುರುವಾದರೆ ಹೊಸ ವರ್ಷದವರೆಗೆ ಯಾವ ವಿಮಾನವೂ ಇಲ್ಲ.

"ಅಮ್ಮ ಇದರ ಮೇಲೆ ನಿಂತಿದ್ದು ನೆನಪಿದೆಯಾ ನಿಂಗೆ?" ಎಂದ ಲೇವಿ.

ನೆನಪಿಲ್ಲದೆ ಏನು? ನನಗೆ ಆರು ವರ್ಷ, ಅವನಿಗೆ ಹನ್ನೊಂದು. ಕ್ಷಯ ಎಂದು ಅಮ್ಮನನ್ನು ದಕ್ಷಿಣದ ಆಸ್ಪತ್ರೆಗೆ ಕರೆದೊಯ್ಯುವ ದಿನ, ಇದೇ ಯಂತ್ರ. ಆಗಿದ್ದ ಏಜೆಂಟು ಮುಳ್ಳು ನೋಡಿ ಇಡೀ ಕಟ್ಟೆಗೆ ಕೇಳುವಂತೆ ಕೂಗಿದ: "ತೊಂಬತ್ತೆರಡು! ಇದೇನು ಹೆಂಗಸೋ ಗುಬ್ಬಿಯೋ? ಇನ್ನೊಂದು ಮೂಟೆ ಮೀನು ಹಾಕ್ರೋ, ಜಾಗ ಇದೆ!" ಎಲ್ಲರೂ ನಕ್ಕರು. ಅಮ್ಮನೂ ನಕ್ಕಳು, ನಾಚಿಕೆಯಿಂದ. ಅವಳು ವಾಪಸ್ ಬರಲಿಲ್ಲ. ಒಂದು ಕಾಗದವೂ ಬರಲಿಲ್ಲ, ಎಲ್ಲಿ ಹೂತರೆಂದು ಯಾರೂ ಹೇಳಲಿಲ್ಲ. ನಾನು ಯಾರ ತೂಕವನ್ನೂ ಬಾಯಿಬಿಟ್ಟು ಹೇಳದಿದ್ದದ್ದು ಅದಕ್ಕೇ.

"ನಾನು ಇಲ್ಲೇ ಇರ್ತೀನಿ," ಎಂದ ಲೇವಿ, ಹಿಟ್ಟಿನ ಮೂಟೆಯ ಮೇಲೆ ಕೂತು. "ಆದ್ರೆ ನೀನು ಕರೆದ್ರೆ ಹೋಗ್ತೀನಿ. ನಿನ್ನಿಷ್ಟ, ತಂಗಿ."

ಆ ಮಾತು ಆಡದಿದ್ದರೆ ನಾನು ವಿಮಾನವನ್ನು ವಾಪಸ್ ಕರೆದುಬಿಡುತ್ತಿದ್ದೆ. ಆದರೂ ರೇಡಿಯೋದ ಗುಂಡಿ ಒತ್ತಿದೆ.

"ಏನು ಡೆಲ್ಫೀನ್, ಆಗ್ಲೇ ನನ್ನ ನೆನಪಾಯ್ತಾ?" ರಾಗ್ನರ್‌ನ ದನಿ ಗೊರಗೊರ ಎನ್ನುತ್ತಿತ್ತು.

ನಾನು ಲೇವಿಯನ್ನು ನೋಡಿದೆ. ಅವನು ನನ್ನನ್ನು ನೋಡದೆ ಗೋಡೆಯ ಐದು ಟೋಪಿಗಳನ್ನು ನೋಡುತ್ತಿದ್ದ. ಆರನೆಯದು ಮೇಜಿನ ಮೇಲಿತ್ತು.

"ನಿನ್ನ ಟೋಪಿ," ಎಂದೆ. "ಇಲ್ಲೇ ಮರೆತು ಹೋಗಿದೀಯ."

"ಮರೆತಿಲ್ಲ. ಅದು ಲೇವಿಗೆ. ಗೋಡೆಗೆ ಹೊಡೀಲಿ."

"ಸರಿ. ಹುಷಾರಾಗಿ ಹೋಗು."

ರೇಡಿಯೋ ಆರಿಸಿ ಪುಸ್ತಕದ ಕೊನೆಯ ಸಾಲಿನಲ್ಲಿ ನೂರ ಐವತ್ತೆಂಟು ಎಂದು ಬರೆದೆ. ಲೇವಿ ಟೋಪಿಗೆ ಮೊಳೆ ಹೊಡೆದ. ಎರಡು ಏಟಿಗೇ ಸುಸ್ತಾದ, ಮೂರನೆಯದು ನಾನು ಹೊಡೆದೆ.

ಹೊಟ್ಟೆಯಲ್ಲಿ ಗಡ್ಡೆ ಎಂದಳು ನರ್ಸು. ಹೆಲಿಕಾಪ್ಟರ್ ಕರೆಸುತ್ತೇನೆ ಎಂದಾಗ ಅವನು ಗೋಡೆಯ ಕಡೆ ತಿರುಗಿ ಮಲಗಿದ. ನವೆಂಬರ್ ಕೊನೆಯಲ್ಲಿ, ಸರೋವರ ಇನ್ನೂ ಒಬ್ಬ ಮನುಷ್ಯನನ್ನು ಹೊರುವಷ್ಟು ಗಟ್ಟಿಯಾಗುವ ಮೊದಲೇ, ನನ್ನ ಕೈಯಿಂದ ಒಂದು ಚಮಚ ಚಹಾ ಕುಡಿದು ಹೋದ. ಅಂದು ವಿಮಾನವನ್ನು ವಾಪಸ್ ಕರೆಯಬೇಕಿತ್ತೇ? ಒಂದು ದಿನ ಹೌದು ಎನ್ನಿಸುತ್ತದೆ, ಮರುದಿನ ಇಲ್ಲ ಎನ್ನಿಸುತ್ತದೆ. ಹೌದು ಎನ್ನಿಸಿದ ದಿನ ನನಗೆ ಊಟ ಸೇರುವುದಿಲ್ಲ.

ಹೊಸಿಯಾ ಪೆಟ್ಟಿಗೆ ಮಾಡಿದ. ಲೇವಿಗೆ ಸ್ನಾನ ಮಾಡಿಸಲು ಎತ್ತಿದಾಗಲೇ ನನಗೆ ತಿಳಿದಿತ್ತು: ನೂರ ಮೂವತ್ತೊಂದು. ನನ್ನ ಕೈ ತಪ್ಪುವುದಿಲ್ಲ. ಶೆಡ್ಡಿಗೆ ಹೋಗಿ, ಕೋಟನ್ನೂ ಅಣ್ಣನ ಬಲೆಗಳಿಂದ ಬಿಚ್ಚಿದ ಸೀಸವನ್ನೂ ಅದೇ ಹಲಗೆಯ ಮೇಲಿಟ್ಟೆ. ಐವತ್ತೈದಕ್ಕೆ ಮುಳ್ಳು ನಿಲ್ಲುವವರೆಗೆ ಗುಂಡು ಸೇರಿಸಿದೆ. ಆ ಕೋಟು ತೊಡಿಸಿಯೇ ಅವನನ್ನು ಮಲಗಿಸಿದೆ.

ಹೊರಲು ಬಂದ ನಾಲ್ವರು ಪೆಟ್ಟಿಗೆಗೆ ಕೈಹಾಕಿ ತಡವರಿಸಿದರು.

"ಅಯ್ಯೋ, ಸೊರಗಿ ಕಡ್ಡಿ ಆಗಿದಾನೆ ಅಂತಿದ್ರಲ್ಲೇ?" ಎಂದ ಹೊಸಿಯಾ, ಹೆಗಲು ಸರಿಮಾಡಿಕೊಳ್ಳುತ್ತಾ. "ಎಷ್ಟು ಭಾರ ಇದಾನೆ ನಿಮ್ಮಣ್ಣ!"

"ನೂರ ಎಂಬತ್ತಾರು," ಎಂದೆ, ಎಲ್ಲರಿಗೂ ಕೇಳುವಂತೆ.