ಅಳತೆಯಕ್ಕ ಹೊಲಿದ ಕಾರ್ಡಿನ ಚೀಲ

ಸರ್ಕಾರದವರು ನೆರವಿನ ಕಾರ್ಡು ಕೊಟ್ಟಾಗ ನಮ್ಮ ಬೀದಿಯವರಿಗೆಲ್ಲ ಖುಷಿಯೋ ಖುಷಿ. ತಿಂಗಳು ಹುಟ್ಟಿದ ದಿನ ಕಾರ್ಡಿಗೆ ದುಡ್ಡು ಬಂದು ಬೀಳುತ್ತದೆ. ಅಂಗಡಿಯ ಯಂತ್ರಕ್ಕೆ ಉಜ್ಜಿ, ನಾಲ್ಕು ಅಂಕೆಯ ಪಿನ್ ಒತ್ತಿದರೆ ದಿನಸಿ ಮನೆಗೆ ಬರುತ್ತದೆ. ಫಜೀತಿ ಶುರುವಾಗಿದ್ದೇ ಆ ನಾಲ್ಕು ಅಂಕೆಯಿಂದ. ಒಬ್ಬರಿಗೂ ಅದು ನೆನಪಿರುತ್ತಿರಲಿಲ್ಲ. ಹಿಂದೆ ಸಾಲು ಬೆಳೆಯುತ್ತಿದ್ದರೆ ಮುಂದೆ ನಿಂತವರು ಸೂರು ನೋಡುತ್ತಾ ತಲೆ ಕೆರೆದುಕೊಳ್ಳುತ್ತಿದ್ದರು.

ಇದಕ್ಕೊಂದು ದಾರಿ ಹುಡುಕಿದವರು ನಮ್ಮ ಹೊಲಿಗೆ ಅಂಗಡಿಯ ಅಳತೆಯಕ್ಕ. ಬೀದಿಯಲ್ಲಿ ಯಾರ ಎದೆ ಎಷ್ಟು, ಸೊಂಟ ಎಷ್ಟು ಅನ್ನುವುದು ಅವರಿಗೆ ಬಾಯಿಪಾಠ. ಹಾಗಾಗಿಯೇ ಆ ಹೆಸರು. ಅವರು ಎಲ್ಲರನ್ನೂ ಕೂರಿಸಿಕೊಂಡು, ನಿಮ್ಮ ಎದೆಯ ಅಳತೆ, ಸೊಂಟದ ಅಳತೆ ಎರಡನ್ನೂ ಪಕ್ಕಪಕ್ಕ ಇಡಿ, ನಾಲ್ಕು ಅಂಕೆ ಆಗಲಿಲ್ಲವೇ, ಅದೇ ನಿಮ್ಮ ಪಿನ್ ಅಂದರು. ಅಷ್ಟಕ್ಕೇ ಬಿಟ್ಟಿದ್ದರೆ ಅಳತೆಯಕ್ಕ ಹೇಗಾಗುತ್ತಿದ್ದರು? ಒಬ್ಬೊಬ್ಬರಿಗೂ ಅವರವರದೇ ಹಳೆ ಬಟ್ಟೆಯ ತುಂಡಿನಲ್ಲಿ ಕಾರ್ಡಿಗೊಂದು ಪುಟ್ಟ ಚೀಲ ಹೊಲಿದರು. ಅವರ ಅಂಗಡಿಯಲ್ಲಿ ನಂಬರು ಇಲ್ಲದ ಬಟ್ಟೆ ಇರುವ ಹಾಗಿಲ್ಲ. ಆ ಅಭ್ಯಾಸಕ್ಕೆ ಚೀಲದ ಮುಚ್ಚಳದ ಒಳಗಡೆ, ಕೆಂಪು ದಾರದಲ್ಲಿ, ಅಂದವಾಗಿ ಆ ನಾಲ್ಕು ಅಂಕೆಯನ್ನೂ ಹೊಲಿದುಬಿಟ್ಟರು. ಒಂದು ಕಾಸೂ ತೆಗೆದುಕೊಳ್ಳಲಿಲ್ಲ. ನಾವೆಲ್ಲ ಅದನ್ನು ಕುತ್ತಿಗೆಗೆ ಹಾಕಿಕೊಂಡು ಮೆರೆದದ್ದೇ ಮೆರೆದದ್ದು.

ಇಸ್ತ್ರಿಯಣ್ಣನ ಚೀಲ ಮಾತ್ರ ಸ್ವಲ್ಪ ಬೇರೆ. ಮೂಲೆಯ ಇಸ್ತ್ರಿ ಅಂಗಡಿಯಲ್ಲಿ ಅವರೂ ಹೆಂಡತಿಯೂ ಸೇರಿ ದುಡಿಯುತ್ತಿದ್ದರು. ಅವರು ಇಸ್ತ್ರಿ ಮಾಡಿದರೆ ಆಕೆ ಮಡಿಸುತ್ತಿದ್ದರು. ಆಕೆ ತೀರಿಕೊಂಡ ಮೇಲೆ ಇಸ್ತ್ರಿಯಣ್ಣ ಸೊರಗುತ್ತಲೇ ಹೋದರು. ಅವರ ಅಳತೆ ಯಾವತ್ತೂ ಒಂದೇ ಕಡೆ ನಿಲ್ಲುತ್ತಿರಲಿಲ್ಲ. ಚೀಲ ಹೊಲಿಯುವಾಗ ಅವರು, ನನ್ನದು ಬೇಡ ಅಕ್ಕ, ಅವಳದೇ ಹಾಕು ಅಂದಿದ್ದರು. ಆಕೆಯ ನೀಲಿ ಅಂಗಿಯ ಉಳಿದ ಬಟ್ಟೆ ಅಕ್ಕನ ಪೆಟ್ಟಿಗೆಯಲ್ಲಿತ್ತು. ಅದರಲ್ಲೇ ಚೀಲ ಆಯಿತು. ಒಳಗೆ ಆಕೆಯ ಅಳತೆ.

ಇಡೀ ಬೀದಿಯಲ್ಲಿ ಈ ಚೀಲಗಳನ್ನು ಕಂಡರೆ ಮುಖ ಗಂಟಿಕ್ಕುತ್ತಿದ್ದವಳು ಒಬ್ಬಳೇ, ಅಕ್ಕನ ಸೊಸೆ. ಅವಳು ದೊಡ್ಡ ದಿನಸಿ ಅಂಗಡಿಯ ಬಿಲ್ ಕೌಂಟರಿನಲ್ಲಿ ಕೆಲಸಕ್ಕಿದ್ದಳು. ದಿನಾ ನೂರಾರು ಕಾರ್ಡು ಅವಳ ಕಣ್ಣ ಮುಂದೆ ಹಾದುಹೋಗುತ್ತಿದ್ದವು. ಬಾಗಿಲಿಗೆ ಬೀಗ ಹಾಕಿ ಬೀಗದ ಕೈಯನ್ನು ಅದೇ ಚಿಲಕಕ್ಕೆ ನೇತುಹಾಕಿದ ಹಾಗಾಯಿತಲ್ಲ ಅತ್ತೆ ಎಂದು ಅವಳು ಎಷ್ಟೋ ಸಲ ಹೇಳಿದ್ದಳು. ಅಕ್ಕ ಹೊಲಿಗೆ ಯಂತ್ರ ನಿಲ್ಲಿಸದೆ ಉತ್ತರ ಕೊಡುತ್ತಿದ್ದರು.

"ನಮ್ಮ ಬೀದೀಲಿ ಕಳ್ಳರು ಯಾರಿದಾರೆ ತೋರಿಸು ನೋಡೋಣ. ಎಲ್ಲರೂ ನಾನು ಅಳತೆ ತಗೊಂಡಿರೋ ಜನಾನೇ."

ಹೀಗಿರುವಾಗ ತಿಂಗಳ ಕೊನೆ ಬಂತು. ಇಸ್ತ್ರಿಯಣ್ಣ ಮಾರುಕಟ್ಟೆಗೆ ತರಕಾರಿ ತರಲು ಹೋದವರು ಚೀಲವನ್ನು ತಕ್ಕಡಿಯ ಪಕ್ಕ ಬಿಟ್ಟು ಬಂದರು. ತರಕಾರಿಯವನು ಪಾಪ ಒಳ್ಳೆಯವನು. ಕಳೆದುಕೊಂಡವರ ಕಣ್ಣಿಗೆ ಬೀಳಲಿ ಅಂತ ಅದನ್ನು ಅಂಗಡಿಯ ಮುಂದಿನ ಮೊಳೆಗೆ ನೇತುಹಾಕಿದ. ಮಾರನೆಯ ದಿನ ಮಧ್ಯಾಹ್ನ ಇಸ್ತ್ರಿಯಣ್ಣ ಹುಡುಕಿಕೊಂಡು ಹೋಗುವವರೆಗೂ ಅದು ಅಲ್ಲೇ, ಬರುವವರಿಗೂ ಹೋಗುವವರಿಗೂ ಕಾಣುವ ಹಾಗೆ ನೇತಾಡುತ್ತಿತ್ತು. ಒಳಗೆ ಕಾರ್ಡು ಹಾಗೇ ಇತ್ತು. ಹೋದ ಜೀವ ಬಂದ ಹಾಗಾಯಿತು ಅವರಿಗೆ.

ಸಂಜೆ ಅಕ್ಕನ ಅಂಗಡಿಯ ಬೆಂಚಿನ ಮೇಲೆ ಕುಳಿತು ಇದನ್ನೆಲ್ಲ ಅವರು ಖುಷಿಯಿಂದ ಹೇಳುತ್ತಿದ್ದರು. ಅಕ್ಕನೂ, ನೋಡಿದೆಯಾ, ಲೋಕದಲ್ಲಿ ಒಳ್ಳೆಯತನ ಇನ್ನೂ ಇದೆ ಎಂದು ತಲೆಯಾಡಿಸುತ್ತಿದ್ದರು. ಆಗಷ್ಟೇ ಕೆಲಸ ಮುಗಿಸಿ ಬಂದ ಸೊಸೆ ಬಾಗಿಲಲ್ಲೇ ನಿಂತುಬಿಟ್ಟಳು. ಚೀಲ ಎಲ್ಲಿ ನೇತಾಡುತ್ತಿತ್ತು ಎಂದು ಎರಡೆರಡು ಸಲ ಕೇಳಿದಳು. ಆಮೇಲೆ ಚಪ್ಪಲಿಯನ್ನೂ ಬಿಡದೆ ಬಂದು ಅವರ ಪಕ್ಕ ಕುಳಿತಳು.

"ಇಸ್ತ್ರಿ ಮಾವ, ನಾಳೆ ಬೆಳಿಗ್ಗೆ ದುಡ್ಡು ಬರತ್ತೆ. ಅಷ್ಟರೊಳಗೆ ಪಿನ್ ಬದಲಾಯಿಸಬೇಕು. ಇವತ್ತೇ."

ಕಾರ್ಡು ನನ್ನ ಕೈಯಲ್ಲೇ ಇದೆಯಲ್ಲ ತಾಯಿ ಎಂದು ಅವರು ನಕ್ಕರು. ಸೊಸೆ ನಗಲಿಲ್ಲ. ಕಾರ್ಡು ಕದಿಯುವ ಕಾಲ ಹೋಯಿತು, ಈಗ ಅದರ ನಕಲು ಮಾಡಿಕೊಂಡು ಕಾರ್ಡನ್ನು ಇದ್ದಲ್ಲೇ ಇಡುತ್ತಾರೆ, ನಕಲಿಗೆ ಪಿನ್ ಒಂದು ಸಿಕ್ಕಿದರೆ ಆಯಿತು ಅಂದಳು. ಹೋದ ತಿಂಗಳು ತನ್ನ ಕೌಂಟರಿನಲ್ಲೇ ನಡೆದದ್ದನ್ನು ಹೇಳಿದಳು. ಒಬ್ಬ ಹೆಂಗಸು ಬುಟ್ಟಿ ತುಂಬಿಸಿಕೊಂಡು ಬಂದಳಂತೆ. ಕಾರ್ಡು ಅವಳ ಕೈಚೀಲ ಬಿಟ್ಟು ಹೊರಗೆ ಹೋಗಿಯೇ ಇರಲಿಲ್ಲ. ಉಜ್ಜಿ ನೋಡಿದರೆ ಅದರಲ್ಲಿ ಏನೂ ಇಲ್ಲ, ಯಾರೋ ಬೆಳಗಿನ ಜಾವವೇ ಬಳಿದುಕೊಂಡು ಹೋಗಿದ್ದರು. ಆ ಹೆಂಗಸು ಜಗಳ ಆಡಲಿಲ್ಲ, ಅಳಲೂ ಇಲ್ಲ. ಹಾಲು, ಸೋಪು, ಮಗುವಿನ ಬಿಸ್ಕತ್ತು, ಒಂದೊಂದನ್ನೇ ತೆಗೆದು ವಾಪಸ್ ಜೋಡಿಸಿಟ್ಟಳು. ನಾನೂ ಎದ್ದು ಹೋಗಿ ಅವಳ ಜೊತೆ ಜೋಡಿಸಿದೆ, ಆ ದಿನ ನನಗೆ ಊಟ ಸೇರಲಿಲ್ಲ ಅಂದಳು ಸೊಸೆ.

ಈಗೀಗ ಇಸ್ತ್ರಿಗೆ ಬಟ್ಟೆ ಕೊಡುವವರೇ ಕಡಿಮೆ. ನಾಳೆ ಬರುವ ದುಡ್ಡು ಹೋದರೆ ಇಸ್ತ್ರಿಯಣ್ಣನ ಒಲೆ ತಿಂಗಳು ಪೂರ್ತಿ ತಣ್ಣಗಿರುತ್ತದೆ, ಕೈ ಚಾಚುವ ಸ್ವಭಾವ ಅವರದಲ್ಲ ಎಂಬುದು ಅಲ್ಲಿದ್ದ ಮೂವರಿಗೂ ಗೊತ್ತಿತ್ತು. ಆದರೂ ಅವರು ಚೀಲವನ್ನು ಎರಡೂ ಕೈಯಲ್ಲಿ ಮುಚ್ಚಿ ಹಿಡಿದುಕೊಂಡರು.

"ಬೇರೆ ಏನಾದ್ರೂ ಮಾಡು ತಾಯಿ. ನಂಬರು ಮಾತ್ರ ಬದಲಾಯಿಸೋದು ಬೇಡ. ಅದು ಅವಳದು. ಅಂಗಡೀಲಿ ಅದನ್ನ ಒತ್ತುವಾಗೆಲ್ಲ ಅವಳು ಪಕ್ಕದಲ್ಲಿ ನಿಂತ ಹಾಗಿರತ್ತೆ ನಂಗೆ."

ಸೊಸೆ ಅತ್ತೆಯ ಮುಖ ನೋಡಿದಳು. ಮೋಸದ ವಿಷಯ ಅವಳಿಗೆ ಗೊತ್ತಿತ್ತು, ಇದಕ್ಕೆ ಏನು ಹೇಳಬೇಕೆಂದು ಗೊತ್ತಿರಲಿಲ್ಲ. ಅಷ್ಟು ಹೊತ್ತೂ ಇಸ್ತ್ರಿಯಣ್ಣನ ಪರವೇ ಇದ್ದ ಅಳತೆಯಕ್ಕ ಆಗ ಯಂತ್ರ ನಿಲ್ಲಿಸಿದರು. ಅವರ ಮುಖ ಸಣ್ಣಗಾಗಿತ್ತು. ಆ ನಂಬರನ್ನು ಎಲ್ಲರಿಗೂ ಕಾಣುವ ಹಾಗೆ ಹೊಲಿದ ಕೈ ತಮ್ಮದೇ ಅಲ್ಲವೇ? ಅವರು ಎದ್ದು ಬಂದು ಇಸ್ತ್ರಿಯಣ್ಣನ ಎದುರು ಸ್ಟೂಲು ಎಳೆದುಕೊಂಡು ಕುಳಿತರು.

"ನಿನ್ನ ಹೆಂಡತಿ ನನ್ನ ಹತ್ರ ಮೊದಲನೇ ಸಲ ಅಳತೆ ಕೊಟ್ಟಾಗ ಏನು ಮಾಡಿದ್ಲು ಗೊತ್ತಾ? ಬಾಗಿಲು ಹಾಕಿಸಿದ್ಲು. ಟೇಪು ಹಿಡಿದ ನನ್ನ ಕೈ ಹಿಡ್ಕೊಂಡು, ಅಕ್ಕ, ಇದನ್ನ ಯಾರಿಗೂ ಹೇಳಬೇಡ, ನನ್ನ ಗಂಡನಿಗೂ ಹೇಳಬೇಡ ಅಂತ ಆಣೆ ಮಾಡಿಸ್ಕೊಂಡ್ಲು. ಅಂಥವಳ ಅಳತೆ ಒಂದು ರಾತ್ರಿ, ಒಂದು ಹಗಲು ಮಾರುಕಟ್ಟೆ ಮೊಳೆಗೆ ನೇತಾಡ್ತಲ್ಲೋ. ಅವಳೇ ಇದ್ದಿದ್ರೆ ನಮ್ಮಿಬ್ಬರನ್ನೂ ಸುಮ್ಮನೆ ಬಿಡ್ತಿದ್ಲಾ?"

ಇಸ್ತ್ರಿಯಣ್ಣ ತಲೆ ತಗ್ಗಿಸಿದರು. ಅವರ ಭುಜ ಅಲುಗಿತು. ಅಳುತ್ತಿದ್ದಾರೆ ಅಂದುಕೊಂಡರೆ ನಗುತ್ತಿದ್ದರು. ನಗುತ್ತಲೇ ಕಣ್ಣೊರೆಸಿಕೊಂಡು, ಬಿಡ್ತಿರಲಿಲ್ಲ ಅಕ್ಕ, ಇಸ್ತ್ರಿ ಪೆಟ್ಟಿಗೆ ಎತ್ತಿಕೊಂಡೇ ಬರ್ತಿದ್ಲು ಅಂದರು. ಆಮೇಲೆ ಫೋನು ತೆಗೆದು ಸೊಸೆಯ ಮುಂದೆ ಇಟ್ಟರು.

ಫೋನು ತೆರೆದರೆ ಅದರಲ್ಲಿ ಮೊದಲೇ ಒಂದು ಮೆಸೇಜು ಕಾದಿತ್ತು. ನಿಮ್ಮ ಕಾರ್ಡು ಬಂದ್ ಆಗುತ್ತದೆ, ಕೂಡಲೇ ಇಲ್ಲಿ ಒತ್ತಿ ಎಂದು ಬರೆದಿತ್ತು. ಸರ್ಕಾರದವರೇ ದಾರಿ ತೋರಿಸಿದ್ದಾರಲ್ಲ, ಇದನ್ನೇ ಒತ್ತಿಬಿಡೋಣ ಎಂದು ಇಸ್ತ್ರಿಯಣ್ಣ ಬೆರಳು ಮುಂದೆ ತಂದರು. ಸೊಸೆ ಆ ಬೆರಳನ್ನು ಹಿಡಿದು ನಿಲ್ಲಿಸಿದಳು. ಇದು ಕಳ್ಳರು ತೋರಿಸುವ ದಾರಿ, ಹೀಗೆ ಹೆದರಿಸಿ ಕರೆಯುವ ಯಾವ ಲಿಂಕನ್ನೂ ಒತ್ತಬಾರದು ಎಂದು ಹೇಳಿ ಆ ಮೆಸೇಜನ್ನು ಅಳಿಸಿ ಹಾಕಿಸಿದಳು. ಕಾರ್ಡು ತಿರುಗಿಸಿ, ಹಿಂಬದಿಯಲ್ಲಿ ಅಚ್ಚಾಗಿದ್ದ ವೆಬ್‌ಸೈಟಿನ ವಿಳಾಸ ತೋರಿಸಿ, ಅದನ್ನು ನೋಡಿಕೊಂಡು ಒಂದೊಂದೇ ಅಕ್ಷರ ಒತ್ತಲು ಹೇಳಿದಳು.

ಒತ್ತುವುದೂ ಸುಲಭವಾಗಿರಲಿಲ್ಲ. ಬಿಸಿ ಬಟ್ಟೆ ಹಿಡಿದು ಹಿಡಿದು ಇಸ್ತ್ರಿಯಣ್ಣನ ಬೆರಳು ದಡ್ಡುಗಟ್ಟಿದ್ದವು. ಎಷ್ಟು ಒತ್ತಿದರೂ ಫೋನಿಗೆ ತಿಳಿಯುತ್ತಲೇ ಇರಲಿಲ್ಲ. ಕೊನೆಗೆ ಕೆಲಸಕ್ಕೆ ಬಂದದ್ದು ಕಿರುಬೆರಳು. ಕಾರ್ಡಿನ ನಂಬರು ಹಾಕಿದರು, ಹುಟ್ಟಿದ ದಿನ ಹಾಕಿದರು. ಅವರ ಫೋನಿಗೇ ಒಂದು ಒಟಿಪಿ ಬಂತು. ಅದನ್ನು ಯಾರೇ ಫೋನು ಮಾಡಿ ಕೇಳಿದರೂ ಹೇಳಬೇಡಿ, ಆಫೀಸಿನವರು ಅಂದರೂ ಹೇಳಬೇಡಿ, ನಾನು ಕೇಳಿದರೂ ಹೇಳಬೇಡಿ ಎಂದು ಸೊಸೆ ನಡುವೆ ಎಚ್ಚರಿಸಿದಳು. ಒಟಿಪಿಯನ್ನೂ ಹಳೆಯ ಪಿನ್ನನ್ನೂ ಹಾಕಿದ ಮೇಲೆ ಹೊಸ ಪಿನ್ ಕೇಳಿತು.

ಹುಟ್ಟಿದ ವರ್ಷ ಬೇಡ, ಮನೆ ನಂಬರು ಬೇಡ, ಒಂದು ಎರಡು ಮೂರು ನಾಲ್ಕು ಅಂತೂ ಬೇಡವೇ ಬೇಡ, ನಿಮಗೆ ಮಾತ್ರ ಗೊತ್ತಿರುವ ಏನಾದರೂ ಇರಲಿ ಎಂದು ಹೇಳಿ ಸೊಸೆ ಗೋಡೆಯ ಕಡೆ ಮುಖ ತಿರುಗಿಸಿಕೊಂಡಳು. ಅತ್ತೆಯನ್ನೂ ಭುಜ ಹಿಡಿದು ತಿರುಗಿಸಿದಳು. ಪಾಪ, ಅಳತೆಯಕ್ಕನಿಗೆ ಅದೆಷ್ಟು ಕಷ್ಟವಾಯಿತೋ. ಬೀದಿಯಲ್ಲಿ ತಮಗೆ ಗೊತ್ತಿಲ್ಲದ ಒಂದು ನಂಬರು ಬೆನ್ನ ಹಿಂದೆಯೇ ಹುಟ್ಟುತ್ತಿತ್ತು. ಇಸ್ತ್ರಿಯಣ್ಣ ತುಂಬಾ ಹೊತ್ತು ಯೋಚಿಸಿದರು. ಆಮೇಲೆ ಎರಡು ಸಲ ಅದನ್ನೇ ಒತ್ತಿ, ಆಯ್ತು ತಾಯಿ ಅಂದರು.

"ಏನಿಟ್ಟೆ?" ಅಂತ ಅಕ್ಕ ಕೇಳಿಯೇಬಿಟ್ಟರು.

"ಹೇಳಲ್ಲ," ಅಂದರು ಇಸ್ತ್ರಿಯಣ್ಣ.

ಮಾರನೆಯ ಬೆಳಿಗ್ಗೆ ಅವರು ಅಂಗಡಿಯಲ್ಲಿ ಯಾರದೋ ಅಂಗಿಯ ಕಾಲರು ತೀಡುತ್ತಿದ್ದಾಗ ಫೋನು ಸದ್ದು ಮಾಡಿತು. ದುಡ್ಡು ಬಂದಿದೆ ಎಂಬ ಮೆಸೇಜು. ಅದನ್ನು ಓದಿ ಮುಗಿಸುವಷ್ಟರಲ್ಲಿ ಇನ್ನೊಂದು ಬಂತು. ನಿಮ್ಮ ಕಾರ್ಡಿಗೆ ತಪ್ಪು ಪಿನ್ ಒತ್ತಲಾಗಿದೆ. ಅದರ ಹಿಂದೆಯೇ ಮತ್ತೊಂದು, ಅದೇ ಮಾತು. ಕಾರ್ಡು ಅವರ ಕುತ್ತಿಗೆಯಲ್ಲೇ ಇತ್ತು, ಎರಡೂ ಕೈ ಇಸ್ತ್ರಿ ಪೆಟ್ಟಿಗೆಯ ಮೇಲಿದ್ದವು. ಎಲ್ಲೋ, ಯಾವುದೋ ಊರಿನ ಯಾವುದೋ ಯಂತ್ರದ ಮುಂದೆ ನಿಂತು ಯಾರೋ ಆಕೆಯ ಅಳತೆಯನ್ನು ಒತ್ತುತ್ತಿದ್ದರು.

ಇಸ್ತ್ರಿಯಣ್ಣ ಅಂಗಡಿಯನ್ನು ಹಾಗೇ ಬಿಟ್ಟು ಅಳತೆಯಕ್ಕನ ಹತ್ತಿರ ಬಂದರು. ಸೊಸೆ ಕೆಲಸಕ್ಕೆ ಹೊರಟಿದ್ದವಳು ನಿಂತಳು. ಮೆಸೇಜು ನೋಡಿ, ಕಾರ್ಡಿನ ಹಿಂದಿದ್ದ ಸಹಾಯವಾಣಿಗೆ ಅವರಿಂದಲೇ ಫೋನು ಮಾಡಿಸಿದಳು. ಅಲ್ಲಿಯವರು ಆ ಕಾರ್ಡನ್ನು ನಿಲ್ಲಿಸಿ, ಹೊಸದು ಕಳಿಸುತ್ತೇವೆ, ನಿಮ್ಮ ದುಡ್ಡು ಪೂರ್ತಿ ಇದೆ ಅಂದರು. ಪೂರ್ತಿ ಇದೆ ಎನ್ನುವುದನ್ನು ಇಸ್ತ್ರಿಯಣ್ಣ ಇನ್ನೊಂದು ಸಲ ಹೇಳಿಸಿ ಕೇಳಿದರು.

ಅವತ್ತು ಅಳತೆಯಕ್ಕ ಒಂದು ಬಟ್ಟೆಯನ್ನೂ ಹೊಲಿಯಲಿಲ್ಲ. ಮನೆಮನೆಗೆ ಹೋಗಿ ಚೀಲಗಳನ್ನೆಲ್ಲ ವಾಪಸ್ ತಂದು, ಬಾಗಿಲಲ್ಲಿ ಕುಳಿತು, ನಂಬರುಗಳನ್ನು ಬಿಚ್ಚತೊಡಗಿದರು. ತಮ್ಮ ಚೀಲ ಬಂದಾಗ ಮಾತ್ರ ಅವರಿಗೊಂದು ಉಪಾಯ ಹೊಳೆಯಿತು. ಹೇಗೂ ಪಿನ್ ಬದಲಾಯಿಸುತ್ತೇನೆ, ಹಳೆಯದು ಇಲ್ಲೇ ಇರಲಿ, ಕದ್ದವನು ಅದನ್ನೇ ಒತ್ತಿ ಒತ್ತಿ ಸಾಯಲಿ ಅಂದರು. ಸೊಸೆ ಅತ್ತೆಯ ಗಲ್ಲ ಹಿಡಿದು, "ಕಳ್ಳನಿಗಿಂತ ಮುಂಚೆ ನೀವೇ ಅದನ್ನ ಒತ್ತಿ ಕಾರ್ಡು ಬಂದ್ ಮಾಡ್ಕೋತೀರಿ, ಬಿಚ್ಚಿ ಅತ್ತೆ," ಅಂದಳು. ಅಕ್ಕ ಬಿಚ್ಚಿದರು. ಬೀದಿಯವರೆಲ್ಲ ಸಂಜೆ ಸೊಸೆಯ ಸುತ್ತ ಕುಳಿತು, ಒಬ್ಬೊಬ್ಬರಾಗಿ ಗೋಡೆಗೆ ಮುಖ ಮಾಡಿಕೊಂಡು ಹೊಸ ಪಿನ್ ಇಟ್ಟೆವು.

ನೀಲಿ ಚೀಲವನ್ನು ಅಕ್ಕ ಕೊನೆಗೆ ಉಳಿಸಿಕೊಂಡಿದ್ದರು. ಬಟ್ಟೆ ಹರಿಯದ ಹಾಗೆ ಒಂದೊಂದೇ ಎಳೆ ಬಿಡಿಸಿ, ಆ ಕೆಂಪು ದಾರವನ್ನು ಬಿಸಾಡದೆ ಸಣ್ಣದಾಗಿ ಸುತ್ತಿ ಇಸ್ತ್ರಿಯಣ್ಣನ ಅಂಗೈಯಲ್ಲಿಟ್ಟರು. ಅವರು ಅದನ್ನು ಚೀಲದೊಳಗೆ ಹಾಕಿ, ಮುಚ್ಚಿ, ಅಂಗಿಯೊಳಗೆ ಇಳಿಬಿಟ್ಟುಕೊಂಡರು. ನಮ್ಮ ಬೀದಿಯಲ್ಲಿ ಆಕೆಯ ಅಳತೆ ಈಗ ಇಬ್ಬರಿಗೆ ಮಾತ್ರ ಗೊತ್ತು, ಇಬ್ಬರೂ ಹೇಳುವವರಲ್ಲ.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಕಾರ್ಡು ಈಗ ಎಲ್ಲಿದೆ? ಎದ್ದು ಹೋಗಿ ತನ್ನಿ. ಅದರ ಮೇಲೆ, ಅದರ ಕವರಿನಲ್ಲಿ, ಫೋನಿನ ಹಿಂದೆ ಎಲ್ಲಾದರೂ ಪಿನ್ ಬರೆದಿದ್ದರೆ ಅಳಿಸಿ. ಕಾರ್ಡಿನ ಹಿಂದಿರುವ ವಿಳಾಸವನ್ನು ನಿಮ್ಮ ಕೈಯಾರೆ ಒತ್ತಿ ಪಿನ್ ಬದಲಾಯಿಸಿಕೊಳ್ಳಿ, ಮುಂದಿನ ದುಡ್ಡು ಬರುವುದರೊಳಗೆ. ಒಮ್ಮೆ ಮಾಡಿದೆ ಅಂತ ಬಿಡಬೇಡಿ, ಆಗಾಗ ಮಾಡಿ. ನಿಮಗೆ ಮಾಡಲು ಬರದಿದ್ದರೆ ನಂಬಿಕೆಯವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ, ನಂಬರು ಒತ್ತುವಾಗ ಅವರ ಮುಖ ಗೋಡೆಯ ಕಡೆ ತಿರುಗಿಸಿ. ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ನಮ್ಮ ಅಳತೆಯಕ್ಕನೇ ತಿರುಗಿ ಕುಳಿತ ಮೇಲೆ ಬೇರೆಯವರದೇನು?