ಬಾಪುಸಾಹೇಬರ ಕಪ್

ಬಾಪುಸಾಹೇಬರ ಕೈಗೆ ಮೈಕ್ ಸಿಕ್ಕರೆ ಮುಗಿಯಿತು, ಸೀದಾ ಇಂಗ್ಲೆಂಡಿಗೇ ಹೋಗಿ ಇಳಿಯುತ್ತಿದ್ದರು. ಬೆಳಗಾವಿಯ ಟಿಳಕವಾಡಿಯಲ್ಲಿ ಸ್ಟೀಲ್ ಪಾತ್ರೆಯ ಅಂಗಡಿ. ಜನ್ಮದಲ್ಲಿ ಚೆಂಡಿಗೆ ಕಾಲು ತಾಗಿಸಿದವರಲ್ಲ. ಹಳೆಯ ಇಂಗ್ಲಿಷ್ ಪತ್ರಿಕೆ ಓದಿ ಯಾವ ವರ್ಷ ಯಾವ ಕಪ್ ಯಾರಿಗೆ ಎಂಬುದನ್ನು ಬಾಯಿಪಾಠ ಮಾಡಿದ್ದರು, ಅಷ್ಟೇ. ೧೯೮೪ರಲ್ಲಿ ಖಾನಾಪುರದ ಫುಟ್‌ಬಾಲ್ ಟೂರ್ನಮೆಂಟಿಗೆ ಕಪ್ ಕೊಟ್ಟವರು ಅವರೇ. ಫೈನಲ್ಲಿಗೆ ಮೊದಲು ಎರಡೂ ತಂಡಗಳನ್ನು ಬಿಸಿಲಲ್ಲಿ ನಿಲ್ಲಿಸಿ ಭಾಷಣ ಬಿಗಿದರು.

“ಇಂಗ್ಲೆಂಡದಾಗ ಎಫ್.ಎ. ಕಪ್ ಮೊದಲ ಗೆದ್ದಾವ್ರು ವಾಂಡರರ್ಸ್, ಹದಿನೆಂಟ್ನೂರಾ ಎಪ್ಪತ್ತೆರಡರಾಗ. ಆ ಸಂಘ ಮುಚ್ಚಿ ಎಷ್ಟೋ ಕಾಲ ಆತು, ಹೆಸರು ಇನ್ನೂ ಐತಿ! ಈ ವರ್ಷ ಲಿವರ್‌ಪೂಲ್‌ದವ್ರು ಲೀಗ್, ಲೀಗ್ ಕಪ್, ಯುರೋಪಿಯನ್ ಕಪ್, ಮೂರೂ ಹೊಡದಾರ. ಅಲ್ಲೆ ಗೆದ್ದಾವ್ರ ಹೆಸರು ಕಪ್ಪಿನ ಮ್ಯಾಲೆ ಕೊರೀತಾರ್ರಿ!”

ಖಾನಾಪುರ ತಂಡದ ಕಪ್ತಾನ ಸಿದರಾಯ ಆಕಳಿಸಿದ. ಹಂಚಿನ ಕಾರ್ಖಾನೆಯ ಕೆಲಸಗಾರ, ತಂಡದ ಗೋಲ್‌ಕೀಪರ್. ಇಂಥ ಬಡಾಯಿ ಅವನಿಗೆ ಮೈಯುರಿ. ಆದರೂ ಆ ಕೊನೆಯ ಮಾತು ಮನಸ್ಸಿಗೆ ನಾಟಿತು. ವಯಸ್ಸು ಮೂವತ್ತಾರು, ಮೊಣಕಾಲು ಕೈಕೊಟ್ಟಿತ್ತು, ಇದೇ ಕೊನೆಯ ಆಟ. ಹದಿನೈದು ವರ್ಷ ಬೆಳಗಾವಿಯವರ ಕೈಯಲ್ಲಿ ಸೋತದ್ದೇ ಬಂತು. ಒಂದು ಕಪ್ಪಿನ ಮೇಲೆ ‘ಖಾನಾಪುರ’ ಎಂದು ಕೊರೆದಿರಬೇಕು, ಅಷ್ಟು ಸಾಕಿತ್ತು ಅವನಿಗೆ.

ಬೆಳಗಾವಿ ಉದ್ಯಮಬಾಗದ ಫೌಂಡ್ರಿ ತಂಡದ ಮೇಲೆ ಖಾನಾಪುರ ಒಂದು ಗೋಲಿನಿಂದ ಗೆದ್ದಿತು. ಸಿದರಾಯ ಕುಂಟುತ್ತ ಹೋಗಿ ಕಪ್ ಇಸಿದುಕೊಂಡು, ಹೆಸರು ಕೊರೆಸಲು ಜಾಗ ಹುಡುಕಿದ.

ಜಾಗವೇ ಇರಲಿಲ್ಲ. ಮದುವೆಗೆ ಕೊಡುವ ಕೊಡ, ತಂಬಿಗೆಯ ಮೇಲೆ ಕೊಟ್ಟವರ ಹೆಸರು ಹಾಕಿಸುವುದು ನಮ್ಮ ಕಡೆಯ ರೂಢಿ. ಪಾತ್ರೆ ಅಂಗಡಿಯ ಸಾವುಕಾರ ಕಪ್ಪಿಗೂ ಅದೇ ಶಾಸ್ತ್ರ ಮಾಡಿಸಿದ್ದ! ತಂದೆಯ ಸ್ಮರಣಾರ್ಥ, ತಾಯಿಯ ಸ್ಮರಣಾರ್ಥ, ಹೆಂಡತಿ ಹೀರಾಬಾಯಿ, ಮಕ್ಕಳು, ಸೊಸೆಯಂದಿರು, ಏಳು ಮೊಮ್ಮಕ್ಕಳು, ಸಾಲದ್ದಕ್ಕೆ ಅಂಗಡಿಯ ವಿಳಾಸ.

“ಸಾವಕಾರ್ರ, ನಮ್ಮ ಹೆಸರು ಎಲ್ಲಿ ಹಾಕಸೂಣ್ರಿ?”

ಬಾಪುಸಾಹೇಬರು ಕಪ್ಪನ್ನು ತಿರುವಿ ನೋಡಿದರು. “ಬುಡಕ್ಕ ಹಾಕಸಪಾ. ಇಲ್ಲಾಂದ್ರ ಒಳಗ. ಒಳಗ ರಗಡ ಜಾಗಾ ಐತಿ.”

ಸಿದರಾಯನ ನೆತ್ತಿಗೇರಿತು. ಕಪ್ಪನ್ನು ಅವರ ಎದೆಗೆ ಒತ್ತಿ, ಮೈದಾನಕ್ಕೆಲ್ಲ ಕೇಳುವಂತೆ ಕೂಗಿದ. “ಖರೇ ಗೆದ್ದಾವ್ರು ನೀವರೀ ಸಾವಕಾರ್ರ! ನಿಮ್ಮ ಮನಿಮಂದಿ ಎಲ್ಲಾರೂ ಆಡ್ಯಾರ. ನೀವ ಇಟಗೋರಿ!”

ಇಷ್ಟು ಉಗಿದರೆ ಯಾರಾದರೂ ತಲೆತಗ್ಗಿಸಿಯಾರು. ಬಾಪುಸಾಹೇಬರ ಕಣ್ಣು ಒದ್ದೆಯಾದವು. “ಎಂಥಾ ದೊಡ್ಡ ಮನಸೋ ನಿಂದು!” ಎಂದು ಅವನನ್ನು ತಬ್ಬಿಕೊಂಡರು. ಕಪ್ಪನ್ನು ತಲೆಯ ಮೇಲೆತ್ತಿ ಹಿಡಿದು ಫೋಟೊ ತೆಗೆಸಿಕೊಂಡರು. ಕಾರಿನಲ್ಲಿ ಹೀರಾಬಾಯಿಯ ತೊಡೆಯ ಮೇಲಿಟ್ಟು ಬೆಳಗಾವಿಗೆ ಒಯ್ದೇಬಿಟ್ಟರು.

ಹತ್ತು ಮಂದಿ ಆಟಗಾರರು ಕಪ್ತಾನನ ಸುತ್ತ ನಿಂತಿದ್ದರು. ಗೋಲು ಹೊಡೆದ ಚನ್ನಬಸಯ್ಯನೇ ಮೊದಲು ಬಾಯಿಬಿಟ್ಟ.

“ಅಂವಗ ತಿಳೀಲಿಲ್ಲ, ಬಿಡು. ನಿನಗರ ತಿಳೀಬ್ಯಾಡೇನೋ? ಬುಡಕ್ಕರ ಇರತಿತ್ತಲ್ಲೋ ನಮ್ಮ ಹೆಸರು!”