ಉಂಡ ಮೇಲೆ ಹೇಳುವ ಮಾತು

ಮಾವ ಈರಭದ್ರಪ್ಪ ತೆಂಗಿನ ತೋಟದಿಂದ ಹೊತ್ತಿಗೆ ಮುಂಚೆಯೇ ಬಂದು, ಎಲ್ಲರೂ ಒಟ್ಟಿಗೆ ಉಣ್ಣೋಣ ಎಂದಾಗಲೇ ಹೇಮಾವತಿಯ ಎದೆ ಧಸಕ್ಕೆಂದಿತು. ಸಿಂಗಟಗೆರೆಯ ಆ ಮನೆಯಲ್ಲಿ ಗಂಡಸರು ಉಂಡೆದ್ದ ಮೇಲೇ ಹೆಂಗಸರ ಊಟ. ಯಾವ ಪುಣ್ಯಾತ್ಮ ಮಾಡಿದ ಕಾನೂನೋ, ಈವರೆಗೆ ಮುರಿದವರಿಲ್ಲ. ಈವತ್ತು ಮಾವನೇ ಸಾಲಾಗಿ ಮಣೆ ಹಾಕುತ್ತಿದ್ದರು.

ಗಂಡ ಶಶಿಧರ ಸೈನ್ಯದಲ್ಲಿದ್ದ. ಗಡಿಯಲ್ಲಿ ಶೆಲ್ ಬೀಳತೊಡಗಿದಾಗಿನಿಂದ ಅವನ ಫೋನ್ ಸಿಕ್ಕಿರಲಿಲ್ಲ. ಟಿ.ವಿ.ಯವರು ಯುದ್ಧವನ್ನು ಕ್ರಿಕೆಟ್ಟಿನ ಹಾಗೆ ಕೂಗಿ ಕೂಗಿ ಹೇಳುತ್ತಿದ್ದರು. ಸಾಯುವವರು ಇನ್ನೊಬ್ಬರ ಮನೆಯವರಾದರೆ ಗಂಟಲು ತಾನಾಗಿ ದೊಡ್ಡದಾಗುತ್ತದೆ. ಬೆಳಿಗ್ಗೆಯಿಂದ ಆ ಟಿ.ವಿ.ಯೂ ಬಂದ್. ವೈರು ಕಿತ್ತಿದೆ ಎಂದಿದ್ದರು ಮಾವ. ಯಾರಿಗೋ ಫೋನ್ ಮಾಡಬೇಕೆಂದು ಹೇಮಾವತಿಯ ಮೊಬೈಲ್ ಒಯ್ದ ಪಕ್ಕದ ಮನೆಯ ಲಿಂಗಮ್ಮನ ಸುಳಿವಿಲ್ಲ.

ಸಾವಿನ ಸುದ್ದಿಯನ್ನು ಈ ಕಡೆ ಬರಿಹೊಟ್ಟೆಯಲ್ಲಿದ್ದವರಿಗೆ ಹೇಳುವುದಿಲ್ಲ. ಹೇಳಿದ ಮೇಲೆ ಒಲೆ ಹಚ್ಚುವಂತಿಲ್ಲ, ಹಚ್ಚಿದರೂ ತುತ್ತು ಇಳಿಯುವುದಿಲ್ಲ. ಅದಕ್ಕೇ ಮೊದಲು ಉಣಿಸುತ್ತಾರೆ. ಲಿಂಗಮ್ಮನ ಅಣ್ಣ ತೀರಿಕೊಂಡಾಗ ಅವಳನ್ನು ಪುಸಲಾಯಿಸಿ ಉಪ್ಪಿಟ್ಟು ತಿನ್ನಿಸಿದವಳು ಈ ಹೇಮಾವತಿಯೇ.

"ನಂಗೆ ಹಸಿವಿಲ್ಲ ಮಾವ."

"ಕೂಸಿಗೆ ಹಾಲು ಬೇಕಲ್ಲವ್ವ. ಉಣ್ಣು."

ಉಣ್ಣದಿದ್ದರೆ ಅವರು ಹೇಳುವಂತಿಲ್ಲ. ಹೇಳದಿದ್ದರೆ ಶಶಿಧರ ಬದುಕಿರುತ್ತಾನೆ. ಅವಳ ತಲೆ ಇಷ್ಟನ್ನೇ ಗಟ್ಟಿಯಾಗಿ ಹಿಡಿದುಕೊಂಡಿತ್ತು. ಅವಳು ಅಡುಗೆಮನೆಯ ಬಾಗಿಲ ಪಕ್ಕ ನಿಂತೇ ಇದ್ದಳು.

ಮಾವ ಒತ್ತಾಯ ಮಾಡಲಿಲ್ಲ. ತಾವೇ ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ನುಂಗಿದರು. ಗಂಟಲಲ್ಲಿ ಸಿಕ್ಕಿಕೊಂಡಿತು, ನೀರು ಕುಡಿದು ಇಳಿಸಿ, ಇನ್ನೊಂದು ತುತ್ತು ಮುರಿದರು. ಅದನ್ನು ನೋಡಿ ಹೇಮಾವತಿಗೆ ಉಳಿದಿದ್ದ ಚೂರು ಅನುಮಾನವೂ ಹೋಯಿತು. ಕಿರುಚಬೇಕೆನಿಸಿತು. ಆದರೆ ಅತ್ತೆ ಅಂಬಮ್ಮ ಸಾರಿಗೆ ಉಪ್ಪು ಕಮ್ಮಿ ಎಂದು ಗೊಣಗುತ್ತ ಉಣ್ಣುತ್ತಿದ್ದರು. ಸಕ್ಕರೆ ಕಾಯಿಲೆಯ ಜೀವ. ಈಗ ಬಾಯಿಬಿಟ್ಟರೆ ಅತ್ತೆ ತಟ್ಟೆ ತಳ್ಳುತ್ತಾರೆ, ಮಾತ್ರೆಯನ್ನೂ ಮುಟ್ಟುವುದಿಲ್ಲ. ಅವರೂ ಕೈಬಿಟ್ಟು ಹೋದರೆ ಎಂಬ ಹೊಸ ಭಯ ಹಳೆಯದನ್ನೂ ಮೀರಿಸಿತು.

ಹೇಮಾವತಿ ಕೂತು ಉಂಡಳು. ಅತ್ತೆಗೆ ಇನ್ನೊಂದು ಸೌಟು ಸಾರು ಬಡಿಸಿದಳು. ಅವರು ಮಾತ್ರೆ ನುಂಗುವವರೆಗೂ ಕಾದಳು.

"ಈಗ ಹೇಳಿ ಮಾವ."

ಈರಭದ್ರಪ್ಪ ತಲೆ ಎತ್ತದೆ ಹೇಳಿದರು. ಶೆಲ್ ಬಿದ್ದು ಬಂಕರ್ ಕುಸಿದಿತ್ತು. ಇನ್ನೂ ಬೀಳುತ್ತಿರುವಾಗಲೇ ಶಶಿಧರ ಒಳಗೆ ನುಗ್ಗಿ ಇಬ್ಬರನ್ನು ಹೊತ್ತು ತಂದ. ಮೂರನೆಯವನು ಒಳಗಿನಿಂದ ಕೂಗುತ್ತಿದ್ದ. ಮೇಲಧಿಕಾರಿ ತಡೆದರು. ನನಗೂ ಹೆದರಿಕೆಯೇ ಸಾರ್, ಒಳಗಿರುವವನಿಗೆ ಇನ್ನೂ ಹೆಚ್ಚಿರುತ್ತೆ ಎಂದು ಹೇಳಿ ತಿರುಗಿ ಹೋದನಂತೆ. ಆ ಹುಡುಗನನ್ನು ಹೊರಕ್ಕೆ ತಳ್ಳಿದ. ಅಷ್ಟರಲ್ಲಿ ಇನ್ನೊಂದು ಶೆಲ್ ಬಿತ್ತು. ಹುಡುಗ ಬದುಕಿದ್ದಾನೆ.

ಅತ್ತೆ ಎಲ್ಲಿ ಬಿದ್ದುಬಿಡುತ್ತಾರೋ ಎಂದು ಹೇಮಾವತಿ ಗಾಬರಿಯಿಂದ ತಿರುಗಿದಳು. ಅಂಬಮ್ಮನೇ ಅವಳ ಎಂಜಲು ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು.

"ಅವ್ರು ಮಣೆ ಹಾಕ್ದಾಗ್ಲೇ ನಂಗೆ ಗೊತ್ತಾಯ್ತು ಕಣೇ. ನೀನು ಉಣ್ಲಿ ಅಂತ ನಾನೂ ಉಂಡೆ."

ಆಮೇಲೆ ಮಗನ ಹೆಸರು ಹಿಡಿದು ಕೂಗಿಕೊಂಡರು. ಜಗಲಿಯಲ್ಲಿ ಅಷ್ಟು ಹೊತ್ತೂ ಬಾಯಿಗೆ ಸೆರಗು ಒತ್ತಿಕೊಂಡು ಕೂತಿದ್ದ ಊರು ಒಳಗೆ ಬಂತು.